‘ಸೂಪರ್’ ಅಂದರೆ ಕಲಿಯೋದು ಹೇಗೆ?

ಯಾರಾದರೂ ಮೊದಲ ಸಲ ಬರೆದ ಚಿತ್ರದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಾವು ಕೊಡುವ ಉತ್ತರ ಹೆಚ್ಚುಕಡಿಮೆ ಮೂರೇ. ಒಂದು, ‘ಸೂಪರ್’, ಜೊತೆಗೊಂದು ಹೆಬ್ಬೆರಳು. ಎರಡು, ‘ಇನ್ನೂ ಪ್ರಾಕ್ಟೀಸ್ ಬೇಕು’. ಮೂರು, ಸ್ವಲ್ಪ ತಿಳಿದವರಾದರೆ, ‘ಪರ್ಸ್‌ಪೆಕ್ಟಿವ್ ಸರಿ ಇಲ್ಲ’. ಮೂರರಲ್ಲಿ ಯಾವುದನ್ನು ಓದಿದರೂ, ನಾಳೆ ಪೆನ್ಸಿಲ್ ಹಿಡಿದಾಗ ಏನು ಬೇರೆ ಮಾಡಬೇಕು ಅನ್ನೋದು ಬರೆದವರಿಗೆ ಗೊತ್ತಾಗುವುದಿಲ್ಲ.

ನಮ್ಮದೊಂದು ಸಣ್ಣ ಗುಂಪಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಕಡೆಯ ನೆಂಟರು, ಸ್ನೇಹಿತರು ಸೇರಿ ಒಂಬತ್ತು ಜನ. ಕೆಲವರು ಊರಲ್ಲೇ ಇದ್ದಾರೆ, ಕೆಲವರು ಬೆಂಗಳೂರಲ್ಲಿ. ವಾರಕ್ಕೆ ಒಬ್ಬೊಬ್ಬರು ಒಂದು ಹಾಳೆ ಬರೆದು ಹಾಕಬೇಕು, ಅಷ್ಟೇ ನಿಯಮ. ಯಾರೂ ಕಲಾವಿದರಲ್ಲ. ಹಾಳೆಗಳನ್ನು ಮೊದಲು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಾರಣ ನನ್ನ ಕೈ ಚೆನ್ನಾಗಿದೆ ಅಂತಲ್ಲ, ಆಫೀಸಿನಲ್ಲಿ ದಿನವೂ ಇನ್ನೊಬ್ಬರ ಕೋಡ್ ಓದಿ ಅಭಿಪ್ರಾಯ ಬರೆಯುವ ಅಭ್ಯಾಸ ಇದೆ ಅಂತ. ಅಲ್ಲಿ ‘ನಿಮ್ಮ ಕೋಡ್ ಸರಿಯಿಲ್ಲ’ ಅಂತ ಬರೆದರೆ ಯಾರೂ ಒಪ್ಪಲ್ಲ. ಎಷ್ಟನೇ ಸಾಲು, ಏನಾಗುತ್ತಿದೆ, ಅದನ್ನು ಪರೀಕ್ಷಿಸುವುದು ಹೇಗೆ, ಮೂರನ್ನೂ ಹೇಳಬೇಕು. ಚಿತ್ರಕ್ಕೂ ಬೇಕಾಗಿರುವುದು ಇಷ್ಟೇ.

ಮೊದಲು ಗೆರೆ

ಹೊಸಬರಿಗೆ ಮೊದಲ ಅಭ್ಯಾಸ ತೀರಾ ಸರಳ. ಹಾಳೆಯಲ್ಲಿ ಎರಡು ಚುಕ್ಕಿ ಇಡಿ, ಸ್ಕೇಲ್ ಇಲ್ಲದೆ ಒಂದೇ ಎಳೆತದಲ್ಲಿ ಸೇರಿಸಿ. ಇಂಥ ಇಪ್ಪತ್ತು ಗೆರೆ. ನೋಡುವವರು ಇಪ್ಪತ್ತನ್ನೂ ಒಟ್ಟಿಗೆ ನೋಡಬೇಕು. ಒಂದು ಗೆರೆ ಸೊಟ್ಟಗಾದರೆ ಅದು ಆಕಸ್ಮಿಕ. ಇಪ್ಪತ್ತೂ ಒಂದೇ ಕಡೆಗೆ ಬಾಗಿದ್ದರೆ ಅದಕ್ಕೊಂದು ಕಾರಣ ಇರುತ್ತದೆ.

ಗೆರೆ ಬಿಲ್ಲಿನ ಹಾಗೆ ಬಾಗಿದ್ದರೆ, ಮಣಿಕಟ್ಟನ್ನು ಊರಿ ಅಲ್ಲಿಂದಲೇ ಕೈ ತಿರುಗಿಸುತ್ತಿದ್ದಾರೆ ಅಂತ. ಮಣಿಕಟ್ಟು ಕೈವಾರದ ಮುಳ್ಳಿನಂತೆ ನಿಂತರೆ ಪೆನ್ಸಿಲ್ ವೃತ್ತವನ್ನೇ ಎಳೆಯುತ್ತದೆ. ಉದ್ದ ಗೆರೆಗೆ ಮೊಣಕೈ, ಭುಜದಿಂದ ಕೈ ಹೋಗಬೇಕು. ಗೆರೆ ಉದ್ದಕ್ಕೂ ನಡುಗಿದ್ದರೆ ತುಂಬಾ ನಿಧಾನವಾಗಿ ಎಳೆದಿದ್ದಾರೆ. ಸಣ್ಣ ಸಣ್ಣ ಎಳೆಗಳನ್ನು ಒಂದರ ಮೇಲೊಂದು ಪೇರಿಸಿ ಗೆರೆ ಪೊರಕೆಯಂತಾಗಿದ್ದರೆ, ಎಲ್ಲಿ ಮುಗಿಸಬೇಕು ಅಂತ ನಿರ್ಧಾರ ಮಾಡದೆ ಶುರು ಮಾಡಿದ್ದಾರೆ. ಮೂರಕ್ಕೂ ಮದ್ದು ಬೇರೆ ಬೇರೆ. ಮೂವರಿಗೂ ‘ಪ್ರಾಕ್ಟೀಸ್ ಮಾಡು’ ಅಂದರೆ ಅವರು ಅದೇ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ.

ನೇರ ಎಳೆ ಹೇಗಿರಬೇಕು ಅಂತ ಕೇಳುವವರಿಗೆ ನಾನು ಹೇಳೋದು, ಬೆಳಿಗ್ಗೆ ಎದ್ದು ಅಮ್ಮ ಚುಕ್ಕಿ ರಂಗೋಲಿ ಹಾಕೋದನ್ನ ಒಂದು ಸಲ ನೋಡಿ ಅಂತ. ಕಣ್ಣು ಬೆರಳ ತುದಿಯಲ್ಲಿ ಇರಲ್ಲ, ಮುಂದಿನ ಚುಕ್ಕಿಯ ಮೇಲೆ ಇರುತ್ತೆ. ಕೈ ನಿಲ್ಲಲ್ಲ. ಎಳೆ ಒಂದು ಕೂದಲಷ್ಟು ಆಚೀಚೆ ಹೋದರೂ ಅಳಿಸಲ್ಲ. ನಮ್ಮ ಗುಂಪಿನಲ್ಲಿ ರಂಗೋಲಿ ಹಾಕಿ ಅಭ್ಯಾಸ ಇರುವವರ ಗೆರೆ ಮೊದಲ ವಾರದಿಂದಲೇ ಬೇರೆ ಥರ ಇತ್ತು. ಅದನ್ನ ಹೇಳೋವರೆಗೂ ಅವರಿಗೇ ಗೊತ್ತಿರಲಿಲ್ಲ. ಆದ್ದರಿಂದ ಸರಿಯಾಗಿರೋದನ್ನೂ ಜಾಗ ತೋರಿಸಿ ಹೇಳಬೇಕು. ‘ಚೆನ್ನಾಗಿದೆ’ ಅಂದರೆ ಸಾಲದು, ‘ಎಡಗಡೆಯಿಂದ ಮೂರನೇ ಗೆರೆ ನೋಡು, ಅದರಲ್ಲಿ ಕೈ ಎಲ್ಲೂ ನಿಂತಿಲ್ಲ’ ಅನ್ನಿ. ಹಾಗೆ ಹೇಳಿದರೆ ಅದನ್ನು ಮತ್ತೆ ಮಾಡಲು ಬರುತ್ತದೆ.

ಎಲ್ಲಿ ನಿಂತಿದ್ದಿರಿ?

ಪರ್ಸ್‌ಪೆಕ್ಟಿವ್ ಚಿತ್ರ ಬಂದಾಗ ತಪ್ಪು ಹುಡುಕುವ ಮುನ್ನ ನಾನು ಕೇಳುವ ಪ್ರಶ್ನೆ ಒಂದೇ: ಎಲ್ಲಿ ನಿಂತಿದ್ದಿರಿ, ಕಣ್ಣಿನ ಮಟ್ಟ ಎಲ್ಲಿ? ನಿಮ್ಮ ಕಣ್ಣಿನ ಎತ್ತರಕ್ಕೆ ಹಾಳೆಯ ಮೇಲೆ ಅಡ್ಡಕ್ಕೊಂದು ಗೆರೆ ಇದೆ ಅಂದುಕೊಳ್ಳಿ. ಅದೇ ದಿಗಂತ. ನಿಮ್ಮಿಂದ ದೂರ ಹೋಗುವ ಮಟ್ಟಸ ಗೆರೆಗಳು ಕಣ್ಣಿಗಿಂತ ಕೆಳಗಿದ್ದರೆ ಅದರ ಕಡೆಗೆ ಏರುತ್ತವೆ, ಮೇಲಿದ್ದರೆ ಇಳಿಯುತ್ತವೆ. ಒಂದಕ್ಕೊಂದು ಸಮಾನಾಂತರವಾಗಿ ಹೋಗುವ ಗೆರೆಗಳೆಲ್ಲ ಆ ದಿಗಂತದ ಮೇಲೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್‌ನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಹಳಿ ನೋಡಿದರೆ ಇಷ್ಟೂ ಒಂದು ನಿಮಿಷದಲ್ಲಿ ಅರ್ಥವಾಗುತ್ತೆ.

ಹಿರಿಯೂರಿನವರು ಹೆಚ್ಚಾಗಿ ಬರೆಯುವುದು ವಾಣಿವಿಲಾಸ ಸಾಗರವನ್ನು, ಅಂದರೆ ಎಲ್ಲರ ಬಾಯಲ್ಲಿರುವ ಮಾರಿಕಣಿವೆಯನ್ನು. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು. 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಇಡೀ ಜಿಲ್ಲೆ ಅಲ್ಲಿಗೆ ಹೋಗಿ ಫೋಟೊ ತೆಗೆದುಕೊಂಡಿತ್ತು. ಹೊಸಬರು ಅದನ್ನು ಬರೆದಾಗ ಅಣೆಕಟ್ಟಿನ ಗೋಡೆ ಎದುರಿನಿಂದ ನೋಡಿದಂತಿರುತ್ತದೆ, ನೀರು ಮಾತ್ರ ಭೂಪಟದಲ್ಲಿ ಕೆರೆ ತೋರಿಸಿದ ಹಾಗೆ ಮೇಲಿನಿಂದ ಹರಡಿಕೊಂಡಿರುತ್ತದೆ. ಒಂದೇ ಹಾಳೆಯಲ್ಲಿ ಇಬ್ಬರು ನಿಂತು ನೋಡಿದಂತೆ.

ಇಲ್ಲಿ ‘ನೀರು ತಪ್ಪಾಗಿದೆ’ ಅಂದರೆ ಏನೂ ತಿಳಿಯಲ್ಲ. ‘ದಂಡೆಯ ಹತ್ತಿರ ಇಳಿದು ಕೂತು ನೋಡಿ, ನೀರು ತೆಳ್ಳನೆ ಪಟ್ಟಿಯಾಗುತ್ತೆ. ಮೇಲಕ್ಕೆ ಹತ್ತಿ ನೋಡಿ, ಅಗಲವಾಗುತ್ತೆ. ನಿಮ್ಮ ಗೋಡೆ ಕೆಳಗಿನಿಂದ ನೋಡಿದ್ದು, ನೀರು ಮೇಲಿನಿಂದ ನೋಡಿದ್ದು. ಯಾವುದೋ ಒಂದು ಜಾಗ ಆರಿಸಿಕೊಳ್ಳಿ’ ಅಂದರೆ ತಿದ್ದುವ ಕೆಲಸ ಅವರ ಕೈಯಲ್ಲೇ ಉಳಿಯುತ್ತದೆ.

ತೋಟ ಬೇಲಿಯಾದಾಗ

ಹೊಳಲ್ಕೆರೆಯ ಕಡೆ ನಮ್ಮ ಚಿಕ್ಕಪ್ಪನ ಮಗಳು ಪಿಯುಸಿ ಓದುತ್ತಿದ್ದಾಳೆ. ಆರ್ಕಿಟೆಕ್ಚರ್ ಸೇರಬೇಕು ಅನ್ನೋ ಆಸೆ. ಅದಕ್ಕೆ ಬರೆಯುವ ನಾಟಾ ಪರೀಕ್ಷೆಯಲ್ಲೂ ಜೆಇಇ ಮೇನ್‌ನ ಪೇಪರ್ 2ಎಯಲ್ಲೂ ಡ್ರಾಯಿಂಗ್ ಭಾಗ ಇರುತ್ತದೆ. ಬೆಂಗಳೂರಿನ ಮಕ್ಕಳು ಕೋಚಿಂಗಿಗೆ ಹೋಗುತ್ತಾರೆ. ಇವಳ ಕೈಯಲ್ಲಿರೋದು ಒಂದು ಫೋನು, ನಾಲ್ಕು ಪೆನ್ಸಿಲ್ಲು, ಮನೆಯ ಹಿಂದೆ ಅಡಿಕೆ ತೋಟ.

ತೋಟದ ಚಿತ್ರ ಮನೆಯವರ ಗ್ರೂಪಿಗೆ ಹಾಕಿದ್ದಳು. ಹನ್ನೊಂದು ಜನ ‘ಸೂಪರ್ ಪುಟ್ಟಿ’ ಅಂದಿದ್ದರು. ನನಗೆ ಬೇರೆಯಾಗಿ ಮೆಸೇಜ್ ಬಂತು: “ಅಕ್ಕಾ, ಎಲ್ರೂ ಚೆನ್ನಾಗೈತೆ ಅಂತಾರೆ. ನಂಗೆ ಅದು ತೋಟದ ಥರ ಕಾಣ್ತಿಲ್ಲ, ಬೇಲಿ ಥರ ಕಾಣ್ತೈತೆ. ಯಾಕೆ ಅಂತ ಹೇಳು.”

ಅವಳ ಕಣ್ಣು ಸರಿಯಾಗೇ ಹೇಳಿತ್ತು. ಮರಗಳು ದೂರ ಹೋದಂತೆ ಗಿಡ್ಡ ಆಗಿದ್ದವು, ಅದು ಸರಿ. ಆದರೆ ಮರಮರದ ನಡುವಿನ ಜಾಗ ಎಲ್ಲ ಕಡೆ ಒಂದೇ ಇತ್ತು. ಕಾಂಡದ ದಪ್ಪವೂ ಒಂದೇ. ದೂರ ಹೋದಂತೆ ಎತ್ತರ ಎಷ್ಟು ಪಾಲು ಕುಗ್ಗುತ್ತದೋ ದಪ್ಪವೂ ಅಷ್ಟೇ ಪಾಲು ಕುಗ್ಗಬೇಕು, ನಡುವಿನ ಜಾಗ ಅದಕ್ಕಿಂತ ಬೇಗ ಕುಗ್ಗಬೇಕು. ನಾನು ಅವತ್ತು ಹೇಳಿದ್ದು ಜಾಗದ ವಿಷಯ ಒಂದನ್ನೇ. ದಪ್ಪದ ಮಾತು ಮುಂದಿನ ವಾರಕ್ಕೆ ಇಟ್ಟೆ.

ಅದಕ್ಕೊಂದು ಹಳೆಯ ಉಪಾಯ ಇದೆ. ಮರಗಳ ಬುಡಗಳನ್ನು ಸೇರಿಸಿ ನೆಲದ ಮೇಲೆ ಒಂದು ಗೆರೆ, ತುದಿಗಳನ್ನು ಸೇರಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ದಿಗಂತದಲ್ಲಿ ಸೇರಲಿ. ಮೊದಲ ಮರ, ಎರಡನೇ ಮರ ನಿಮ್ಮ ಅಂದಾಜಿಗೆ ಇಡಿ. ಈಗ ಮೊದಲ ಮರದ ತುದಿಯಿಂದ ಎರಡನೇ ಮರದ ಸರಿ ಮಧ್ಯಕ್ಕೆ ಗೆರೆ ಎಳೆದು ಹಾಗೇ ಮುಂದುವರಿಸಿ. ಅದು ನೆಲದ ಗೆರೆಯನ್ನು ಮುಟ್ಟಿದ ಕಡೆ ಮೂರನೇ ಮರ. ಎರಡನೆಯದರ ತುದಿಯಿಂದ ಮೂರನೆಯದರ ಮಧ್ಯಕ್ಕೆ ಎಳೆದರೆ ನಾಲ್ಕನೆಯದು. ಲೈಟ್ ಕಂಬ, ಕಿಟಕಿ ಸಾಲು, ಮಂಟಪದ ಕಂಬ, ಸಮ ಅಂತರದಲ್ಲಿ ನಿಂತಿರುವ ಎಲ್ಲದಕ್ಕೂ ಇದೇ ನಡೆಯುತ್ತದೆ.

ಅವಳು ಅದೇ ತೋಟವನ್ನು ನಾಲ್ಕು ಸಲ ಬರೆದಳು. ಮೂರನೆಯದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು, ಗೆರೆಯ ಲೆಕ್ಕ ಜಾಸ್ತಿಯಾಗಿ ಮರ ಕಂಬಗಳಾಗಿದ್ದವು. ನಾಲ್ಕನೆಯದರಲ್ಲಿ ಒಳಗೆ ನಡೆದು ಹೋಗಬಹುದು ಅನ್ನಿಸುವ ಹಾಗೆ ದಾರಿ ತೆರೆದಿತ್ತು. ಆಮೇಲೆ ಅವಳೇ ಕೇಳಿದಳು, “ಅಕ್ಕಾ, ದೂರದ ಮರ ತೆಳ್ಳಗೂ ಆಗ್ಬೇಕಲ್ವಾ?” ಮುಂದಿನ ವಾರಕ್ಕೆ ಇಟ್ಟ ಮಾತನ್ನು ಹೇಳುವ ಅಗತ್ಯವೇ ಬೀಳಲಿಲ್ಲ. ಪರೀಕ್ಷೆ ಇನ್ನೂ ಬಾಕಿ ಇದೆ.

ದೊಡ್ಡವರಿಗೆ ಹೇಳೋದು ಹೇಗೆ?

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಹೊಸದುರ್ಗದ ನಮ್ಮ ಮಾವ. ನಿವೃತ್ತರಾದ ಮೇಲೆ ಪೆನ್ಸಿಲ್ ಹಿಡಿದವರು. ಅವರಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳೆಂದರೆ ಪ್ರಾಣ. ಅವರು ಬರೆದ ಪ್ರತಿ ಯಂತ್ರಕ್ಕೂ ಮೂರು ರೆಕ್ಕೆ, ಮೂರೂ ಒಂದೇ ಉದ್ದ, ನಡುವೆ ಸರಿಸಮನಾದ ಕೋನ. ಎಲ್ಲ ಯಂತ್ರಗಳೂ ನಮ್ಮನ್ನೇ ನೋಡುತ್ತಾ ನಿಂತ ಹಾಗೆ. ಕಂಬ, ಗುಡ್ಡ ಮಾತ್ರ ಪಕ್ಕದಿಂದ ನೋಡಿದ್ದು.

“ಮಾವ, ಈ ರೆಕ್ಕೆಗಳು ಒಂದು ಚಕ್ರದ ಒಳಗೆ ತಿರುಗ್ತಾವೆ ಅಂದ್ಕೊಳ್ಳಿ. ಆ ಚಕ್ರ ಪಕ್ಕಕ್ಕೆ ತಿರುಗಿದಾಗ ಹೆಂಗೆ ಕಾಣುತ್ತೆ?” ಅಂತ ಕೇಳಿದೆ.

“ನೋಡಮ್ಮ, ಮೂರೂ ರೆಕ್ಕೆ ಒಂದೇ ಉದ್ದ ಇರೋದು ನಂಗೊತ್ತು. ಕಂಪನಿಯೋನು ಗಿಡ್ಡ ಮಾಡಿರಲ್ಲ” ಅಂದರು.

ಹೊಸಬರ ಕಷ್ಟವೆಲ್ಲ ಈ ಮಾತಿನಲ್ಲೇ ಇದೆ. ನಮಗೆ ಗೊತ್ತಿರೋದನ್ನ ಬರೀತೀವಿ, ಕಾಣೋದನ್ನಲ್ಲ. ಇದನ್ನು ವಾದ ಮಾಡಿ ಗೆಲ್ಲೋಕಾಗಲ್ಲ, ಅದರಲ್ಲೂ ಮಾವನ ಹತ್ತಿರ. ಒಂದು ಸ್ಟೀಲ್ ತಟ್ಟೆ ತಗೊಂಡು ಮುಖದ ಎದುರು ಹಿಡಿದು ನಿಧಾನವಾಗಿ ಬಾಗಿಲಿನಂತೆ ಪಕ್ಕಕ್ಕೆ ತಿರುಗಿಸಿ ನೋಡಿ ಅಂತ ಮಾತ್ರ ಕೇಳಿಕೊಂಡೆ. ಎತ್ತರ ಹಾಗೇ ಇರುತ್ತೆ, ಅಗಲ ಕಡಿಮೆಯಾಗುತ್ತಾ ಹೋಗುತ್ತೆ, ಕೊನೆಗೆ ಗೆರೆಯಾಗುತ್ತೆ. ಅಂದರೆ ನೆಟ್ಟಗೆ ನಿಂತ ರೆಕ್ಕೆ ಪೂರ್ತಿ ಉದ್ದ ಕಾಣುತ್ತೆ, ಪಕ್ಕಕ್ಕೆ ಚಾಚಿದ್ದು ಗಿಡ್ಡ ಕಾಣುತ್ತೆ. ಎರಡು ದಿನ ಬಿಟ್ಟು ಅವರಿಂದ ಬಂದದ್ದು ಚಿತ್ರವಲ್ಲ, ತಟ್ಟೆ, ಲೋಟ, ಬೋಗುಣಿ ಬರೆದ ಒಂದು ಪೂರ್ತಿ ಹಾಳೆ. ಅದರ ಹಿಂದಿನಿಂದ ಅತ್ತೆಯ ವಾಯ್ಸ್ ಮೆಸೇಜು: “ತಟ್ಟೆ ವಾಪಸ್ ಕೊಡಾಕೆ ಹೇಳಮ್ಮ.”

ತಪ್ಪನ್ನು ನಾವು ಹೇಳುವುದಕ್ಕಿಂತ ಅವರೇ ಕಂಡುಕೊಳ್ಳುವಂಥ ಒಂದು ಸಣ್ಣ ಪರೀಕ್ಷೆ ಕೊಟ್ಟರೆ ಯಾರ ಮರ್ಯಾದೆಗೂ ಕುಂದಿಲ್ಲ. ಹಿರಿಯರಿಗಷ್ಟೇ ಅಲ್ಲ, ಎಲ್ಲರಿಗೂ ಇದೇ ಒಳ್ಳೆಯದು.

ಎಂಜಿನಿಯರುಗಳ ಗೆರೆ

ಎಂಜಿನಿಯರಿಂಗ್ ಓದಿದವರಲ್ಲಿ ಇನ್ನೊಂದು ಅಭ್ಯಾಸ ಕಾಣುತ್ತೆ. ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿನಲ್ಲಿ ಐಸೊಮೆಟ್ರಿಕ್ ಕಲಿತಿರುತ್ತೇವೆ. ಎರಡೂ ಕಡೆ 30 ಡಿಗ್ರಿ, ಸಮಾನಾಂತರ ಗೆರೆ ಕೊನೆಯವರೆಗೂ ಸಮಾನಾಂತರ. ಅದೇ ಕೈಯಲ್ಲಿ ಕೋಟೆಯ ಮಂಟಪ ಬರೆದರೆ ಹಿಂಭಾಗ ಮುಂಭಾಗಕ್ಕಿಂತ ದೊಡ್ಡದಾಗಿ, ಅಗಲಿಸಿದಂತೆ ಕಾಣುತ್ತದೆ. ಇವರಿಗೆ ‘ತಪ್ಪು’ ಅನ್ನುವುದೇ ತಪ್ಪು. ಅದು ಅಳತೆ ತೋರಿಸಲು ಹುಟ್ಟಿದ ಚಿತ್ರ. ಅದರ ಗೆರೆಯ ಮೇಲೆ ಸ್ಕೇಲ್ ಇಟ್ಟು ಅಳೆದು ಬಡಗಿ ಪೆಟ್ಟಿಗೆ ಮಾಡಬಹುದು. ಒಂದು ಜಾಗದಲ್ಲಿ ನಿಂತವರ ಕಣ್ಣಿಗೆ ಹೇಗೆ ಕಂಡಿತು ಅನ್ನೋದು ಮಾತ್ರ ಅದರಲ್ಲಿ ಇಲ್ಲ.

ಒಂದೇ ಕಣ್ಣಿನ ಈ ಲೆಕ್ಕ ಎಲ್ಲ ಕಾಲದಲ್ಲೂ ಎಲ್ಲ ಕಡೆಯೂ ಇದ್ದದ್ದಲ್ಲ. ಇಟಲಿಯ ಫ್ಲಾರೆನ್ಸ್‌ನಲ್ಲಿ 15ನೇ ಶತಮಾನದ ಆರಂಭದಲ್ಲಿ ಬ್ರೂನೆಲೆಸ್ಕಿ ಅದನ್ನು ಮಾಡಿ ತೋರಿಸಿದ, 1435ರಲ್ಲಿ ಆಲ್ಬರ್ಟಿ ಅದರ ನಿಯಮಗಳನ್ನು ಪುಸ್ತಕದಲ್ಲಿ ಬರೆದ. ಆಗ ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಳ್ವಿಕೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಮೇಲ್ಛಾವಣಿ ಚಿತ್ರಗಳಲ್ಲಿ ಗೆರೆಗಳು ದೂರದ ಒಂದು ಬಿಂದುವಿಗೆ ಓಡುವುದಿಲ್ಲ, ಆದರೂ ಮೆರವಣಿಗೆ ಸಾಗುತ್ತಿರುವುದು ಚೆನ್ನಾಗಿ ಕಾಣುತ್ತೆ. ಹಾಗಾಗಿ ‘ಪರ್ಸ್‌ಪೆಕ್ಟಿವ್ ಸರಿ ಇಲ್ಲ’ ಅಂದಾಗಲೆಲ್ಲ ‘ಚಿತ್ರ ಸರಿ ಇಲ್ಲ’ ಅಂತ ಅರ್ಥವಲ್ಲ. ನೀವು ಕಾಣುವಂತೆ ಬರೆಯಲು ಹೊರಟಿದ್ದರೆ ಮಾತ್ರ ಈ ಲೆಕ್ಕ.

ಕೋಟೆ ಕಲಿಸೋದು

ಚಿತ್ರದುರ್ಗದ ಕೋಟೆ ಹೊಸಬರಿಗೆ ಒಳ್ಳೆಯ ಮೇಷ್ಟ್ರು, ಸ್ವಲ್ಪ ಕಠಿಣ. ಬಾಗಿಲಿನ ದಾರಿಗಳು ನೇರ ಹೋಗಲ್ಲ, ತಿರುಗಿ ತಿರುಗಿ ಹೋಗುತ್ತವೆ. ಶತ್ರು ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ ಮಾಡಿದ್ದು ಬರೆಯುವವರಿಗೂ ತೊಡಕು. ಒಂದು ಗೋಡೆಗೆ ಹಿಡಿದ ಬಿಂದು ಪಕ್ಕದ ಗೋಡೆಗೆ ಬರುವುದಿಲ್ಲ. ಪ್ರತಿ ತಿರುವಿಗೂ ದಿಗಂತದ ಮೇಲೆ ಬೇರೆ ಬಿಂದು ಹುಡುಕಬೇಕು.

ಮೆಟ್ಟಿಲುಗಳು ಇನ್ನೊಂದು. ಮೇಲಕ್ಕೆ ಹೋಗುವ ಮೆಟ್ಟಿಲ ಸಾಲಿನ ಇಳಿಜಾರನ್ನೂ ದಿಗಂತದಲ್ಲೇ ಸೇರಿಸಿ, ಮೆಟ್ಟಿಲು ನೆಲಕ್ಕೆ ಅಂಟಿಕೊಂಡಂತೆ ಬರೆದ ಹಾಳೆಗಳು ನನಗೆ ಎಷ್ಟೋ ಬಂದಿವೆ. ಪ್ರತಿ ಮೆಟ್ಟಿಲ ಪಕ್ಕದ ಅಂಚು ದಿಗಂತದ ಬಿಂದುವಿಗೇ ಹೋಗುತ್ತದೆ. ಆದರೆ ಇಡೀ ಸಾಲಿನ ಏರು ಗೆರೆ ಸೇರುವುದು ಅದೇ ಬಿಂದುವಿನ ನೇರ ಮೇಲೆ, ದಿಗಂತದಿಂದ ಎತ್ತರದಲ್ಲಿ. ಇದೊಂದನ್ನು ಹೇಳಿದರೆ ಮೆಟ್ಟಿಲು ಎದ್ದು ನಿಲ್ಲುತ್ತದೆ.

ಇನ್ನು ಬಂಡೆಗಳು. ಅವುಗಳಲ್ಲಿ ನೇರ ಗೆರೆಯೇ ಇಲ್ಲ, ಸ್ಕೇಲ್ ಕೆಲಸಕ್ಕೆ ಬರಲ್ಲ. ಯಾವುದು ಯಾವುದನ್ನು ಮರೆ ಮಾಡುತ್ತಿದೆ, ಯಾವುದರ ಗೆರೆ ಗಾಢ, ಯಾವುದು ತೆಳು, ಇದರಿಂದಲೇ ದೂರ ತೋರಿಸಬೇಕು. ದೂರದ ಗುಡ್ಡದ ಗೆರೆಯನ್ನೂ ಹತ್ತಿರದ ಬಂಡೆಯಷ್ಟೇ ಒತ್ತಿ ಬರೆದಿದ್ದರೆ ಅದನ್ನೇ ಹೇಳಿ, ಬೇರೆ ಏನೂ ಬೇಡ.

ಎಲ್ಲ ತಿದ್ದುಪಡಿಯೂ ಸರಿಯಿತ್ತು

ಹಿರಿಯೂರಿನ ಸ್ನೇಹಿತನೊಬ್ಬ ಗುಂಪಿನಲ್ಲಿದ್ದ. ಮಾರಿಕಣಿವೆಯ ಚಿತ್ರ ಬರೆದು ಹಾಕಿದ ದಿನ, ಚೆನ್ನಾಗಿ ಬರೆಯಬಲ್ಲ ಇನ್ನೊಬ್ಬರು ಅದರ ಫೋಟೊ ಮೇಲೆ ಕೆಂಪು ಬಣ್ಣದಲ್ಲಿ ಹದಿನಾಲ್ಕು ಕಡೆ ತಿದ್ದಿ ವಾಪಸ್ ಹಾಕಿದರು. ನಾನು ಒಂದೊಂದಾಗಿ ನೋಡಿದೆ, ಹದಿನಾಲ್ಕೂ ಸರಿಯಾಗಿದ್ದವು. ಆದರೆ ಕೆಂಪು ಗೆರೆಯ ಕೆಳಗೆ ಅವನ ಅಣೆಕಟ್ಟೇ ಕಾಣುತ್ತಿರಲಿಲ್ಲ. “ಥ್ಯಾಂಕ್ಸ್ ಬ್ರೋ” ಅಂತ ಬರೆದ. ಆಮೇಲೆ ಅವನಿಂದ ಒಂದು ಹಾಳೆಯೂ ಬಂದಿಲ್ಲ.

ಚಿತ್ರ ಬರೆಯೋದು ಅವನ ಹೊಟ್ಟೆಪಾಡಲ್ಲ. ಬಿಟ್ಟರೆ ಯಾರಿಗೂ ನಷ್ಟ ಕಾಣಲ್ಲ. ಆದರೆ ಇಡೀ ದಿನ ಸ್ಕ್ರೀನ್ ನೋಡಿ ಸುಸ್ತಾದವನು ಸಂಜೆ ಅರ್ಧ ಗಂಟೆ ಫೋನ್ ಪಕ್ಕಕ್ಕಿಟ್ಟು ನೀರನ್ನೂ ಕಲ್ಲನ್ನೂ ನೋಡುತ್ತಾ ಕೂರುತ್ತಿದ್ದ. ಅದು ನಿಂತಿತು. ಅದಾದ ಮೇಲೆ ನಮ್ಮ ಗುಂಪಿನಲ್ಲಿ ಕೆಲವು ನಿಯಮ ಬಂದವು. ನಿಮಗೂ ಉಪಯೋಗ ಆಗಬಹುದು.

ಒಂದು ಹಾಳೆಗೆ ಒಂದೇ ಮಾತು. ಎಲ್ಲಕ್ಕಿಂತ ಮೊದಲು ತಿದ್ದಿದರೆ ಉಳಿದವು ಸುಲಭವಾಗುವಂಥದ್ದನ್ನು ಆರಿಸಿ. ಹೆಚ್ಚಿನ ಸಲ ಅದು ಕಣ್ಣಿನ ಮಟ್ಟವೇ ಆಗಿರುತ್ತದೆ.

ಅವರ ಚಿತ್ರದ ಮೇಲೆ ಬರೆಯಬೇಡಿ. ತೋರಿಸಲೇಬೇಕಾದರೆ ಪಕ್ಕದಲ್ಲಿ ಬೇರೆ ಹಾಳೆಯಲ್ಲಿ ಒಂದು ಪೆಟ್ಟಿಗೆ ಬರೆದು ತೋರಿಸಿ.

ಹೇಳುವ ಮುನ್ನ ಹಾಳೆಯ ನಾಲ್ಕು ಮೂಲೆ ನೋಡಿ. ಫೋನನ್ನು ಓರೆಯಾಗಿ ಹಿಡಿದು ಫೋಟೊ ತೆಗೆದರೆ ಹಾಳೆಯ ಅಂಚುಗಳೇ ಒಂದು ಕಡೆ ಕೂಡಿಕೊಂಡಿರುತ್ತವೆ, ಸರಿಯಾಗಿದ್ದ ಚಿತ್ರವೂ ಸೊಟ್ಟಗೆ ಕಾಣುತ್ತದೆ. ನೇರ ಮೇಲಿನಿಂದ ತೆಗೆದ ಫೋಟೊ ಕೇಳಿ, ಇಲ್ಲವೇ ಸ್ಕ್ಯಾನ್ ಮಾಡಲು ಹೇಳಿ.

ಕೊನೆಗೆ, ಮುಂದಿನ ಸಲಕ್ಕೆ ಹತ್ತು ನಿಮಿಷದಲ್ಲಿ ಮುಗಿಯುವ ಒಂದು ಕೆಲಸ ಕೊಡಿ. ‘ಕಣ್ಣಿಗಿಂತ ಕೆಳಗೆ ಮೂರು ಪೆಟ್ಟಿಗೆ, ಮೇಲೆ ಎರಡು’ ಅಂತ. ಅಷ್ಟಾದರೆ ಮಾಡುತ್ತಾರೆ. ‘ದಿನಾ ಎರಡು ಗಂಟೆ’ ಅಂದರೆ ಹೂಂ ಅಂದು ಸುಮ್ಮನಾಗುತ್ತಾರೆ.

ಹಿರಿಯೂರಿನ ಸ್ನೇಹಿತನಿಗೆ ಕಳೆದ ವಾರ ಮೆಸೇಜ್ ಮಾಡಿದೆ. ಚಿತ್ರ ಕಳಿಸು ಅಂತ ಕೇಳಲಿಲ್ಲ. ‘ಆ ಅಣೆಕಟ್ಟು ಬರೆದಾಗ ಎಲ್ಲಿ ಕೂತಿದ್ದೆ?’ ಅಂತ ಮಾತ್ರ ಕೇಳಿದೆ. ಎರಡು ನೀಲಿ ಗೆರೆ ಬಿದ್ದಿವೆ. ಉತ್ತರ ಇನ್ನೂ ಬಂದಿಲ್ಲ.